ಬಾನಿ

ತ್ಬಿಲಿಸಿಯಲ್ಲಿ, ರಸ್ತೆಯಡಿಯ ಸುರಂಗದಾರಿಯಲ್ಲಿ
ಗಡಿಯಾರ ರಿಪೇರಿಯ ತ್ಸಿಯಾಲಾ
ನನ್ನ ವಾಚಿಗೆ ಹೊಸ ಪಟ್ಟಿ ಹಾಕುತ್ತ
ಬಾಯಿ ಮುಚ್ಚಿಕೊಂಡೇ ಏನನ್ನೋ ಗುನುಗಿದಳು.
ಏನದು, ಕೈಸನ್ನೆಯಲ್ಲಿ ಕೇಳಿದೆ.
ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ
ಪಟ್ಟಿ ಸುತ್ತಿದ್ದ ಕಾಗದದ ಬೆನ್ನಿಗೆ
ಎರಡು ಸಾಲು ಗೀಚಿ
ಚಿಲ್ಲರೆಯ ಜೊತೆ ಕೊಟ್ಟಳು.

ದುಂಡಗಿನ ಅಕ್ಷರ, ನಮ್ಮವುಗಳ ಹಾಗೇ,
ತಲೆಕಟ್ಟು ಮಾತ್ರ ಇಲ್ಲ.
ದೂರದಿಂದ ನೆಂಟರಂತೆ ಕಂಡು
ಹತ್ತಿರ ಹೋದರೆ ಗುರುತು ಹಿಡಿಯದವು.
ಅಲ್ಲೊಂದು ಕೊಕ್ಕೆ, ಇಲ್ಲೊಂದು
ಯಾರೋ ಜಾರಿಸಿಕೊಂಡು ಹೋದ ಕೊಂಬು.

ಕುತೈಸಿಯ ವ್ಯಾನಿನಲ್ಲಿ ಪಕ್ಕದವನಿಗೆ ತೋರಿಸಿದೆ.
ಉಷಾಂಗಿ ಅಂತ ಹೆಸರು, ಮಡಿಲಲ್ಲಿ
ತೂತು ಕೊರೆದ ರಟ್ಟಿನ ಡಬ್ಬಿ,
ಒಳಗೆ ರಾಣಿಜೇನು.
ಓದಿದ, ನಕ್ಕ, ಹಾಡಿಯೇಬಿಟ್ಟ,
ಮೊಣಕಾಲ ಮೇಲೆ ಕೈಯೂರಿ, ಹೊಟ್ಟೆಯಿಂದ.
ಇದಲ್ಲ, ಅವಳು ಗುನುಗಿದ್ದು ಇದಲ್ಲ,
ತಲೆಯಾಡಿಸಿದೆ.
ಅವನಿಗೆ ಸಿಟ್ಟು ಬಂತು.
ಆದರೂ ಚೀಸು ತುಂಬಿದ ರೊಟ್ಟಿಯಲ್ಲಿ
ಅರ್ಧ ಮುರಿದು ನನ್ನ ಕೈಗಿಟ್ಟ.

ಕುತೈಸಿಯಲ್ಲಿ ಮನೆ ಬಾಡಿಗೆಗೆ ಕೊಟ್ಟ ಗುಲಿಕೋ
ಹಾಸಿಗೆಬಟ್ಟೆ ಒಣಹಾಕುತ್ತಿದ್ದಳು.
ಬಾಯಲ್ಲಿದ್ದ ಕ್ಲಿಪ್ಪು ಉಗಿದು
ಮತ್ತೊಂದೇ ಧಾಟಿ ಎತ್ತಿದಳು, ಸೂರು ಹಾರುವಷ್ಟು ಮೇಲೆ.
ಮೂರು ಜನ, ಮೂರು ಹಾಡು.
ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ.
ಎರಡನೇ ಸಾಲಿನ ಮೇಲೆ ಒದ್ದೆ ಬೆರಳಿಟ್ಟು ಅವಳು
‘ಇದು ಹಾಡಲ್ಲ,’ ಅಂದಳು,
‘ಇದು ಮನುಷ್ಯ.’

ಮನುಷ್ಯನ ಹೆಸರು ಓತಿಯಾ.
ಓಜುರ್ಗೆತಿಯಿಂದಾಚೆ, ಕೀಳುವವರಿಲ್ಲದೆ
ಮರವಾಗಿಬಿಟ್ಟ ಚಹಾಗಿಡಗಳ ಹಿಂದೆ ಮನೆ.
ಚೀಟಿಯನ್ನು ಕಣ್ಣಿಂದ ದೂರ ಹಿಡಿದು ನೋಡಿದ,
ಆಮೇಲೆ ಹತ್ತಿರ,
ಆಮೇಲೆ ಸುಮ್ಮನೆ.
ಮೊಮ್ಮಗಳು ಅವನ ಮಾತು ದಾಟಿಸಿದಳು:
‘ಅವಳ ಕೈ ಈಗ ನಡುಗುತ್ತದೆಯೇ?’
ಇಲ್ಲ, ಅಂದೆ.
‘ಮೇಲಿನ ದನಿ ನನ್ನದಿತ್ತು.
ಹಲ್ಲಿನ ಜೊತೆ ಅದೂ ಹೋಯಿತು.’

ಬೇಲಿಯಾಚೆಯವನನ್ನು ಕೂಗಿ ಕರೆದ.
ಮೊಮ್ಮಗಳನ್ನು ಎಬ್ಬಿಸಿ ನಿಲ್ಲಿಸಿದ.
ನನ್ನ ಎದೆಗೆ ಬೆರಳು ಚುಚ್ಚಿ: ‘ಬಾನಿ.’
ನಮ್ಮಲ್ಲಿ ಬಾನಿ ಅಂದರೆ ನೀರು ತುಂಬಿಡುವ ಮಣ್ಣಿನ ಪಾತ್ರೆ.
ಅವರಲ್ಲಿ, ಎಲ್ಲಕ್ಕೂ ಅಡಿಯ ದನಿ.
ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು
ಸಾಲಿನಿಂದ ನನ್ನ ಕಿವಿ ಹಿಡಿದೆಳೆದು
‘ನೀನು ಬಾಯಿ ಮಾತ್ರ ಆಡಿಸು ಮಾರಾಯ’ ಅಂದಿದ್ದರು.
ಅಲ್ಲಿಂದೀಚೆಗೆ ಆಡಿಸುತ್ತಲೇ ಬಂದಿದ್ದೇನೆ.
ಇದನ್ನು ಯಾವ ಭಾಷೆಯಲ್ಲಿ ಹೇಳುವುದು?

ಓ, ಅಂದೆ. ಅಷ್ಟೇ. ಓ.
ಅದರೊಳಕ್ಕೆ ಸುರಿದರು.
ಪಕ್ಕದ ಮನೆಯವನು ಉಷಾಂಗಿಯ ಹಾಡು ಹಾಡಿದ,
ಹುಡುಗಿ ಗುಲಿಕೋಳದ್ದು,
ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಓತಿಯಾ
ತ್ಸಿಯಾಲಾ ಗುನುಗಿದ್ದನ್ನೇ ಗುನುಗಿದ.
ಯಾರೂ ಸುಳ್ಳು ಹೇಳಿರಲಿಲ್ಲ.
ನನ್ನ ಉಸಿರು ತೀರಿತು. ಕಳ್ಳತನದಲ್ಲಿ ಒಂದಷ್ಟು ಎಳೆದುಕೊಂಡೆ.
ನಾಯಿಯೊಂದು ಎದ್ದು ಬಂದು ನೋಡಿ ಮತ್ತೆ ಮಲಗಿತು.

ಹೊರಡುವಾಗ ಚೀಟಿ ಇಸಿದುಕೊಂಡು
ಮೂರನೇ ಸಾಲೊಂದು ಬರೆದ.
ಏನು, ಎತ್ತ, ಮೊಮ್ಮಗಳೂ ದಾಟಿಸಲಿಲ್ಲ.

ಸಾರ್ಪಿಯ ಗಡಿ. ಆಚೆಗೆ ತುರ್ಕಿ, ಬಸ್ಸು ಕಾದಿದೆ.
ಪಾಸ್‌ಪೋರ್ಟಿನಿಂದ ಚೀಟಿ ಜಾರಿ ಬಿತ್ತು.
ಅಧಿಕಾರಿ ಎತ್ತಿಕೊಂಡು ಓದಿದಳು,
ಮುದ್ರೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.
‘ಮೂರನೇ ಸಾಲು,’ ಅಂದಳು, ‘ನಿಮಗಲ್ಲ.’

ಸಾಲು ಬಿಟ್ಟು ಪಕ್ಕಕ್ಕೆ ಬಂದೆ.
ವಾಚು ನೋಡಿಕೊಂಡೆ, ಸರಿಯಾಗೇ ಓಡುತ್ತಿತ್ತು.
ಸುಮ್ಮನೆ ಹೋಗಿ ನಿಂತರೆ ಅವಳು ಏನಂದುಕೊಂಡಾಳು?
ಉಗುರಿನಿಂದ, ಮೆಲ್ಲಗೆ,
ಪಟ್ಟಿಯ ಮೊಳೆ ಸಡಿಲಿಸತೊಡಗಿದೆ.